ಕುಂಚ ಮುಚ್ಚಿದ ಚುಕ್ಕೆ

ಹನ್ನೊಂದನೇ ಕಂತು

"ಹುಷಾರು ಸಾರ್ಜೆಂಟ್, ಮೂಲೆ ಮುರಿದೀತು. ನಾಳೆ ಕೋರ್ಟಿನಲ್ಲಿ ನಮ್ಮ ಕೈಲಿರೋ ದೊಡ್ಡ ಸಾಕ್ಷಿ ಇದೇ."

ಇನ್ಸ್‌ಪೆಕ್ಟರ್ ಲೋಗಿ ಚಿತ್ರದ ಒಂದು ಬದಿ ಹಿಡಿದಿದ್ದ. ಇನ್ನೊಂದು ಬದಿ ಸಾರ್ಜೆಂಟ್ ರಾವಿರಿಯ ಕೈಯಲ್ಲಿತ್ತು. ದಪ್ಪ ರಟ್ಟಿಗೆ ಅಂಟಿಸಿದ ಕಪ್ಪು ಬಿಳುಪು ಫೋಟೋ: ಕಡಲು, ಅಲೆ, ನಡುವೆ ಒಂದು ಬಂಡೆ. ಕೆಳಗೆ ಮೊದಲ ಬಹುಮಾನದ ರಿಬ್ಬನ್ ಇನ್ನೂ ಜೋತುಬಿದ್ದಿತ್ತು. ಅದನ್ನು ಬಿಚ್ಚಿ ಮೇಜಿನ ಮೇಲಿಡಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಕಡಲತೀರದ ವೈಕೋರಾ ಊರಿನ ಫೋಟೋ ಸಂಘದ ಪ್ರದರ್ಶನ ಅವತ್ತಿಗೆ ಮುಗಿಯುತ್ತಿತ್ತು. ಊರ ಸಭೆ ನಡೆಯುವ ಹಾಲಿನ ತುಂಬ ಟೀ ವಾಸನೆ, ಒದ್ದೆ ಉಣ್ಣೆಕೋಟುಗಳ ವಾಸನೆ.

"ನೀವೇ ನೋಡಿ," ಲೋಗಿ ಗದ್ದದಿಂದಲೇ ಚಿತ್ರ ತೋರಿಸಿದ. "ಆ ಹುಡುಗ ಟಿಪೆನೆ ಏನಂತಾನೆ? ಮಾವನನ್ನ ಕಡಲ ನಡುವಿನ ಸೀಲ್ ಬಂಡೆ ಮೇಲೆ ಬಿಟ್ಟು ಬಂದೆ, ಜೀವಂತ ಇದ್ದ, ಅವನಿದ್ದ ಸಣ್ಣ ದೋಣಿ ಬಂಡೆಗೆ ಬಡಿದು ಪುಡಿಯಾಯ್ತು, ಅಲೆ ಜೋರು, ದೊಡ್ಡ ದೋಣಿ ಹತ್ತಿರ ಒಯ್ಯೋಕಾಗಲಿಲ್ಲ, ಜನ ಕರೆಯೋಕೆ ಓಡಿ ಬಂದೆ. ಸರಿ. ಈ ಚಿತ್ರ ತೆಗೆದದ್ದು ಅದೇ ಸಂಜೆ. ಬಂಡೆ ಮೇಲಿನ ಹಕ್ಕಿಗಳನ್ನ ಒಂದೊಂದಾಗಿ ಎಣಿಸಬಹುದು. ಹಕ್ಕಿ ಕಂಡ ಮೇಲೆ ಮನುಷ್ಯ ಕಾಣಲ್ವಾ?"

"ಅಷ್ಟರಲ್ಲಿ ಅಲೆ ಎಳೆದುಕೊಂಡಿರಬಹುದು, ಸರ್."

"ಬಂಡೆಯ ನೆತ್ತಿ ನೋಡಿ. ಒಣಗಿದೆ. ಅಲೆ ಅಲ್ಲಿವರೆಗೆ ಏರಿಯೇ ಇಲ್ಲ. ಇನ್ನು ಮಾವನ ಮಳೆಕೋಟು ಹುಡುಗನ ಮೈಮೇಲೆ ಹೇಗೆ ಬಂತು? ಹಿಂದಿನ ದಿನ ದೋಣಿ ನಿಲ್ಲೋ ಜೆಟ್ಟಿಯಲ್ಲಿ ಇಬ್ಬರೂ ಊರಿಗೆಲ್ಲ ಕೇಳೋ ಹಾಗೆ ಕಿತ್ತಾಡಿದ್ದು ಯಾಕೆ?"

"ಬಂಡೆ ಹತ್ತಿರ ದೊಡ್ಡ ಸೀಗಡಿ ಹಿಡಿಯೋ ಕ್ರೇಫಿಷ್ ಬುಟ್ಟಿ ಇಳಿಸಬೇಡ ಅಂತ ಹುಡುಗ ಅಂದ. ಮಾವ ಕೇಳಲಿಲ್ಲ. ಅಷ್ಟೇ ಜಗಳ."

"ಅಷ್ಟೇ ಅಂತ ನೀವಂತೀರಿ." ಲೋಗಿ ನಕ್ಕ. "ನಿಮ್ಮ ಕುಲದೋರು ನೋಡಿ. ಅದಕ್ಕೇ ಈ ಕೇಸು ನನ್ನ ಕೈಗೆ ಬಂತು."

ರಾವಿರಿ ರಟ್ಟಿನ ಹಿಡಿತ ಬದಲಿಸಿದ. ಮೂವತ್ತು ವರ್ಷದ ಪೊಲೀಸು ಕೆಲಸದಲ್ಲಿ ಅವನು ಬಾಯಿಗಿಂತ ಕಿವಿಯನ್ನೇ ಹೆಚ್ಚು ದುಡಿಸಿದ್ದ. ಕಾಣೆಯಾದ ಹೊಹೆಪಾ ಅವನ ಜೊತೆ ಆಡಿ ಬೆಳೆದವನು. ಟಿಪೆನೆ ಹೊಹೆಪಾನ ಅಕ್ಕನ ಮಗ. ಹಾಲು ಬಿಡುವ ವಯಸ್ಸಿನಿಂದ ಹೊಹೆಪಾ, ಅವನ ಹೆಂಡತಿ ಮಿರಿಯಾಮಾ ಇಬ್ಬರೂ ತಮ್ಮ ಮನೆಯಲ್ಲೇ ಸಾಕಿದ್ದ ಹುಡುಗ. ಅವನೀಗ ಮಾವನನ್ನು ಕೊಂದ ಆರೋಪದ ಮೇಲೆ ಲಾಕಪ್ಪಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಅನ್ನ ನೀರು ಮುಟ್ಟುತ್ತಿರಲಿಲ್ಲ.

ಇಬ್ಬರೂ ಚಿತ್ರವನ್ನು ಓರೆ ಮಾಡಿ ಬಾಗಿಲಿನ ಕಡೆ ತಿರುಗಿಸಿದರು. ಪಕ್ಕದ ಕಿಟಕಿಯ ಬೆಳಕು ಚಿತ್ರದ ಮೇಲೆ ಜಾರಿ ಹೋಯಿತು. ಹೊಳಪಿನ ಕಾಗದ, ಕನ್ನಡಿಯ ಹಾಗೆ ಮಿರಿಮಿರಿ ಅಂದಿತು.

ಒಂದು ಕಡೆ ಬಿಟ್ಟು.

ಬಂಡೆಯ ಹೆಗಲಿನ ಹತ್ತಿರ, ಎಳ್ಳಿನಷ್ಟು ಜಾಗ ಹೊಳೆಯಲಿಲ್ಲ. ಎದುರಿನಿಂದ ನೋಡಿದರೆ ಬರೀ ಕರಿಬಂಡೆ. ಓರೆಯಾಗಿ ನೋಡಿದರೆ ಮಂಕು; ಪಾಲಿಷ್ ಮಾಡಿದ ಮೇಜಿನ ಮೇಲೆ ಯಾರೋ ಒದ್ದೆ ಬೆರಳಿಟ್ಟ ಹಾಗೆ.

"ಏನಾಯ್ತು? ನಡೀರಿ," ಅಂದ ಲೋಗಿ.

"ಏನಿಲ್ಲ ಸರ್."

ಚಿತ್ರವನ್ನು ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಹೊದಿಸಿ ಮಲಗಿಸಿದರು. ಲೋಗಿ ಹೊರಟುಹೋದ. ರಾವಿರಿ ಮತ್ತೆ ಹಾಲಿನೊಳಗೆ ಬಂದ.

*

ಗೋಡೆಯ ಕಟ್ಟಕಡೆಯಲ್ಲಿ, ಬಟ್ಟೆ ತೂಗುಹಾಕುವ ಮೊಳೆಗಳ ಪಕ್ಕ, ಅಂಗೈಯಗಲದ ಒಂದು ಚಿತ್ರ ಇತ್ತು. ಹೆಸರಿಲ್ಲ, ನಂಬರಿಲ್ಲ. ನಾಲ್ಕು ಗುಂಡುಪಿನ್ನು ಚುಚ್ಚಿ ನಿಲ್ಲಿಸಿದ್ದು. ಅದನ್ನು ತೆಗೆದ ಮಿರಿಯಾಮಾ ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಪ್ರದರ್ಶನ ಶುರುವಾದಾಗಿನಿಂದ ಅಲ್ಲೇ ಕೂರುತ್ತಿದ್ದಳು.

ಡನೀಡನ್ ಪಟ್ಟಣದಿಂದ ಬಂದ ತೀರ್ಪುಗಾರನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ಎಲ್ಲ ಚಿತ್ರ ನೋಡಿ ಮುಗಿಸಿ ಇದರ ಮುಂದೆ ನಿಂತು, ಕೋಲು ಎತ್ತಿ, "ಇದು ಮಾಡಬಾರದ್ದಕ್ಕೆಲ್ಲ ಉದಾಹರಣೆ. ಕೈ ನಡುಗಿದೆ. ಫೋಕಸ್ ಇಲ್ಲ. ಕ್ಷಿತಿಜ ಓರೆ. ಮೂಲೆಯಲ್ಲಿ ತೆಗೆದವರ ಹೆಬ್ಬೆರಳು. ಸೊನ್ನೆ," ಅಂದಿದ್ದ. ಹಾಲಿನಲ್ಲಿ ಒಬ್ಬರೂ ನಗಲಿಲ್ಲ. ತಾನೇನು ತಪ್ಪು ಮಾಡಿದೆ ಅಂತ ಪಾಪ, ಬಸ್ಸು ಹತ್ತುವವರೆಗೂ ಅವನಿಗೆ ಅರ್ಥವಾಗಲಿಲ್ಲ.

ಟೀ ಮೇಜಿನ ಮಿಸೆಸ್ ಬೇರ್ಡ್ ರಾವಿರಿಗೆ ಕಪ್ಪು ಕೊಡುತ್ತ ಪಿಸುಗುಟ್ಟಿದಳು: "ಆ ದೊಡ್ಡ ಚಿತ್ರದ ಮುಂದೆ ನಿಂತೋರೆಲ್ಲ ವಾಹ್ ಅಂದು ಬಂದು ಕೇಕು ತಿಂದ್ರು. ಈ ಚಿಕ್ಕದರ ಮುಂದೆ ನಿಂತೋರು ಕೇಕೂ ಕೇಳಲ್ಲ, ಟೀನೂ ಕೇಳಲ್ಲ. ಕರ್ಚೀಫು ಹುಡುಕ್ತಾರೆ. ನಮಗೆ ಬಿಸಿನೆಸ್ ಲಾಸು."

ಅಂದವಳೇ ತಾನೂ ಮೂಗು ಒರೆಸಿಕೊಂಡಳು.

ರಾವಿರಿ ಕಪ್ಪು ಹಿಡಿದು ಮಿರಿಯಾಮಾ ಹತ್ತಿರ ಹೋದ. "ತಗೋ. ಸಕ್ಕರೆ ಜಾಸ್ತಿ ಹಾಕ್ಸಿದೀನಿ."

"ನಿನಗೆ ಬೇಡ್ವಾ?"

"ನನಗೆ ಡಾಕ್ಟ್ರು ಸಕ್ಕರೆ ಬಿಡಿಸಿದಾರೆ."

"ಹೊಟ್ಟೆ ನೋಡಿದ್ರೆ ಗೊತ್ತಾಗಲ್ಲ." ಅವಳ ಬಾಯಿ ಹಳೇ ಅಭ್ಯಾಸದಿಂದ ಅಂದಿತು. ಮುಖ ನಗಲಿಲ್ಲ.

ರಾವಿರಿ ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತ.

"ಹಿರೀಕರು ನನ್ನನ್ನ ಮತ್ತೆ ಕಳಿಸಿದ್ರು, ಮಿರಿ," ಅಂದ ರಾವಿರಿ. "ಹೊಹೆಪಾನ ಈ ಫೋಟೋನ ಕುಲದ ಮನೆಗೆ ತಗೊಂಡು ಬಾ ಅಂತಿದಾರೆ. ದೇಹ ಸಿಗದಿದ್ರೆ ಫೋಟೋನೇ ಚಾಪೆ ಮೇಲಿಟ್ಟು ಅತ್ತು, ಅವನನ್ನ ಕಳಿಸಿಕೊಡೋಣ ಅಂತ."

"ಆಮೇಲೆ?"

"ಆಮೇಲೆ ಗೋಡೆಗೆ ಹಾಕ್ತಾರೆ. ಅವನ ಅಪ್ಪನ ಪಕ್ಕ."

"ಆ ಗೋಡೆ ಸತ್ತೋರದ್ದು, ರಾವಿರಿ. ಬದುಕಿರೋರ ಚಿತ್ರ ಅಲ್ಲಿ ಹಾಕಿದ್ರೆ ಸಾವು ಕರೆದ ಹಾಗೆ, ನಿನಗೂ ಗೊತ್ತು." ಅವಳು ಕಪ್ಪನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. "ಇಲ್ಲಿ ಹಾಗಿಲ್ಲ. ಇಲ್ಲಿ ಕುರಿ ಚಿತ್ರನೂ ಇದೆ, ಹೂವಿನ ಚಿತ್ರನೂ ಇದೆ. ಇಲ್ಲಿದ್ರೆ ಅವನು ಸುಮ್ನೆ ಒಂದು ಫೋಟೋ. ಇಲ್ಲೇ ಇರ್ಲಿ."

"ಸಂಜೆಗೆ ಎಲ್ಲ ಇಳಿಸ್ತಾರೆ."

"ಸಂಜೆ ಬರ್ಲಿ ನೋಡೋಣ."

ರಾವಿರಿ ಕನ್ನಡಕ ಹಾಕಿಕೊಂಡು ಚಿತ್ರದ ಹತ್ತಿರ ಬಗ್ಗಿದ. ಜೆಟ್ಟಿ ವಾಲಿತ್ತು. ನಡುವೆ ಎರಡು ಆಕಾರ, ಎರಡೂ ಅಲುಗಿ ಹೋಗಿದ್ದವು. ಒಂದರಿಂದ ಇನ್ನೊಂದಕ್ಕೆ ಏನೋ ಕಪ್ಪನೆಯದು ದೊಡ್ಡ ಹಕ್ಕಿಯ ರೆಕ್ಕೆಯಂತೆ ಬೀಸಿ ಹೋಗಿತ್ತು. ಆ ರೆಕ್ಕೆಯ ಹಿಂದೆ ಬೆಳ್ಳಗೆ ಒಂದು ಗೀರು. ಮುಖ ಕಾಣುವುದಿಲ್ಲ. ಆದರೂ ಆ ಚಿತ್ರದಲ್ಲಿ ಯಾರೋ ಯಾರನ್ನೋ ಬೆಚ್ಚಗೆ ಇಡುತ್ತಿದ್ದಾರೆ ಅಂತ ಕುರುಡನಿಗೂ ತಿಳಿಯುವಂತಿತ್ತು.

"ಇದು ಅವತ್ತು ಬೆಳಿಗ್ಗೆದಾ?"

"ಹೂಂ. ಫಿಲ್ಮ್ ರೋಲಿನಲ್ಲಿ ಕೊನೇದು. ಹುಡುಗ ನಡುಗ್ತಿದ್ದ. ಕೋಟು ಮರೆತು ಬಂದಿದ್ದ, ಹಿಂದಿನ ದಿನದ ಜಗಳದ ಸಿಟ್ಟಲ್ಲಿ. ಹೊಹೆಪಾ ತನ್ನ ಮಳೆಕೋಟು ಬಿಚ್ಚಿ ಅವನ ಮೇಲೆ ಎಸೆದ. 'ಸಿಟ್ಟು ಮಾಡ್ಕೊಳ್ಳೋನಿಗೆ ಬೆಚ್ಚಗೆ ಇರಬೇಕು ಕಣೋ' ಅಂದ. ನಾನು ನಕ್ಕೆ. ನಕ್ಕಿದ್ದಕ್ಕೇ ಕೈ ಅಲುಗಿದ್ದು."

"ಲೋಗಿಗೆ ಹೇಳಿದ್ಯಾ?"

"ತೋರಿಸ್ದೆ. 'ಇದರಲ್ಲಿ ಏನೂ ಕಾಣಲ್ಲಮ್ಮ' ಅಂದ."

"ಕೋಟಿನ ಕೆಳಗೆ ಹೊಹೆಪಾ ಏನು ಹಾಕಿದ್ದ?"

"ನಾನು ಹೆಣೆದ ಬಿಳಿ ಸ್ವೆಟರು." ಅವಳು ತಟ್ಟನೆ ತಲೆ ಎತ್ತಿದಳು. "ಯಾಕೆ ಕೇಳ್ತಿದೀಯ?"

"ಸುಮ್ನೆ," ಅಂದ ರಾವಿರಿ.

ಅವಳ ಕಣ್ಣು ಅವನ ಬೆನ್ನ ಮೇಲೆ ಬಾಗಿಲವರೆಗೂ ಬಂತು.

*

ಡಂಕನ್ ಗಿಲ್‌ಕ್ರಿಸ್ಟ್‌ನ ಔಷಧಿ ಅಂಗಡಿ ಹಾಲಿನ ಎದುರಿಗೇ, ಬೀದಿಯ ಆಚೆ. ಊರಿನ ಕೆಮ್ಮು, ಜ್ವರ, ಮದುವೆಯ ಫೋಟೋ, ಪಾಸ್‌ಪೋರ್ಟಿನ ಫೋಟೋ ಎಲ್ಲ ಅದೇ ಕೌಂಟರಿನ ಮೇಲೆ ಹಾದುಹೋಗಬೇಕು. ಊರವರ ಫಿಲ್ಮ್ ರೋಲು ತೊಳೆದು ಪ್ರಿಂಟು ಹಾಕುವವನೂ ಅವನೇ, ಫೋಟೋ ಸಂಘದ ಅಧ್ಯಕ್ಷನೂ ಅವನೇ. ಬಹುಮಾನದ ಆ ದೊಡ್ಡ ಚಿತ್ರವೂ ಅವನದೇ.

"ಬಾ ರಾವಿರಿ. ಸಕ್ಕರೆ ಕಾಯಿಲೆ ಮಾತ್ರೆ ಖಾಲಿ ಆಯ್ತಾ?"

"ಮಾತ್ರೆ ಇದೆ. ಡಂಕನ್, ಚಿತ್ರದ ಮೇಲಿನ ಬಿಳಿ ಚುಕ್ಕೆ ಹೇಗೆ ಮುಚ್ಚೋದು?"

ಗಿಲ್‌ಕ್ರಿಸ್ಟ್ ನಕ್ಕ. ಇಷ್ಟದ ವಿಷಯ ತೆಗೆದರೆ ಅವನ ಮುಖ ಹುಡುಗನ ಹಾಗೆ ಅರಳುತ್ತಿತ್ತು. "ಏನು, ರಿಟೈರಾದ ಮೇಲೆ ಸಂಘ ಸೇರ್ತೀಯಾ? ಅದಕ್ಕೆ ಟಚಿಂಗ್ ಅಂತಾರೆ. ನೆಗೆಟಿವ್ ಮೇಲೆ ಧೂಳು ಕೂತಿದ್ರೆ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತೆ. ಸಣ್ಣ ಕುಂಚ, ಒಂದು ತೊಟ್ಟು ಬಣ್ಣ. ಕುಂಚ ಒಣಗಿರಬೇಕು, ಉಸಿರು ಬಿಗಿ ಹಿಡೀಬೇಕು. ಸುತ್ತಲಿನ ಕಪ್ಪು ಯಾವುದೋ ಅದೇ ಕಪ್ಪು ಕೂರಿಸ್ಬೇಕು. ನಾನು ಮುಚ್ಚಿದ ಚುಕ್ಕೇನ ಯಾವ ತೀರ್ಪುಗಾರನೂ ಹಿಡಿದಿಲ್ಲ."

"ನಾನು ಹಿಡಿದೆ."

ನಗು ಅಲ್ಲೇ ನಿಂತಿತು.

"ಓರೆ ಮಾಡಿದಾಗ," ಅಂದ ರಾವಿರಿ. "ಬಂಡೆಯ ಹೆಗಲಿನ ಹತ್ತಿರ. ಒಂದು ಕಡೆ ಹೊಳೀಲಿಲ್ಲ."

"ಓ. ಅದಾ? ಧೂಳು."

"ನೆಗೆಟಿವ್ ತೋರಿಸು."

"ನನ್ನ ನೆಗೆಟಿವ್ ನಾನು ಯಾರಿಗೂ ಮುಟ್ಟಿಸಲ್ಲ. ನನ್ನ ಹೆಂಡ್ತಿಗೂ ಮುಟ್ಟಿಸಿರ್ಲಿಲ್ಲ, ದೇವರು ಅವಳಿಗೆ ಒಳ್ಳೇದು ಮಾಡ್ಲಿ."

"ನೀನೇ ಮುಟ್ಟು. ನಾನು ನೋಡ್ತೀನಿ."

"ಎಲ್ಲಾ ಚಿತ್ರಕ್ಕೂ ಟಚಿಂಗ್ ಮಾಡ್ತೀವಿ ಮಾರಾಯ! ಹೆಂಗಸ್ರು ಫೋಟೋದಲ್ಲಿ ಮೊಡವೆ ತೆಗೆಸ್ಕೊಳ್ತಾರೆ. ಅದಕ್ಕೂ ಪೊಲೀಸು ಬೇಕಾ?"

"ಮೊದಲ ಪ್ರಿಂಟಿನಲ್ಲಿ ಚುಕ್ಕೆ ಬಂದಾಗ ಏನು ಮಾಡ್ದೆ?"

"ನೆಗೆಟಿವ್ ಊದಿದೆ. ಮೃದು ಕುಂಚದಲ್ಲಿ ಒರೆಸಿದೆ. ಎಲ್ಲರೂ ಮಾಡೋದು ಅದೇ."

"ಎರಡನೇ ಪ್ರಿಂಟಿನಲ್ಲಿ?"

ಗಿಲ್‌ಕ್ರಿಸ್ಟ್ ಕೌಂಟರಿನ ಮೇಲಿದ್ದ ಗಾಜಿನ ಬಾಟಲಿಯನ್ನು ಸ್ವಲ್ಪ ಎಡಕ್ಕೆ ಸರಿಸಿದ. ಮತ್ತೆ ಬಲಕ್ಕೆ ಸರಿಸಿದ.

"ಎರಡನೇದರಲ್ಲೂ ಬಂತು."

"ಎಲ್ಲಿ?"

"ಅಲ್ಲೇ."

"ಧೂಳಾಗಿದ್ರೆ ಒರೆಸಿದ ಮೇಲೆ ಹೋಗ್ಬೇಕಲ್ಲ, ಡಂಕನ್?"

ಗಿಲ್‌ಕ್ರಿಸ್ಟ್ ಬಾಟಲಿಯಿಂದ ಕೈ ತೆಗೆದ.

"ಹಕ್ಕಿ ಇರ್ಬೇಕು ಅಂದುಕೊಂಡೆ," ಅಂದ ಗಿಲ್‌ಕ್ರಿಸ್ಟ್, ಮೆಲ್ಲಗೆ. "ಅಲ್ಲಿ ಕರಿ ಹಕ್ಕಿ ಸಾಲಾಗಿ ಕೂತಿದಾವೆ. ನಡುವೆ ಒಂದು ಬೆಳ್ಳಗಿನ ಚುಕ್ಕೆ ಇದ್ರೆ ಕಣ್ಣು ಅಲ್ಲಿಗೇ ಓಡುತ್ತೆ. ಅಲೆ ಬಿಟ್ಟು ಅಲ್ಲಿಗೆ ಓಡುತ್ತೆ. ತೀರ್ಪುಗಾರ ಮಾರ್ಕು ಕಳೀತಾನೆ. ನಲವತ್ತು ವರ್ಷದಿಂದ ಅದನ್ನೇ ಹೇಳಿಕೊಟ್ಟಿದೀನಿ ಎಲ್ಲರಿಗೂ. ಅಂಚು ಗುಡಿಸಿ, ಚುಕ್ಕೆ ತೆಗೀರಿ, ಚಿತ್ರ ಶುದ್ಧ ಮಾಡಿ ಅಂತ."

"ಅದು ಏನು ಅಂತ ಭೂತಗಾಜು ಹಿಡಿದು ನೋಡಿದ್ಯಾ?"

"ನೋಡ್ಲಿಲ್ಲ." ಅವನು ಒಂದು ಹೆಜ್ಜೆ ಹಿಂದೆ ಸರಿದ. "ಎಲ್ಲಿದೆ ಅಂತ ನೋಡ್ದೆ. ಏನು ಅಂತ ನೋಡ್ಲಿಲ್ಲ."

ರಾವಿರಿ ಟೋಪಿ ತೆಗೆದು ಕೌಂಟರಿನ ಮೇಲಿಟ್ಟ. ಆಮೇಲೆ, ಬಯ್ಯುವ ಹಾಗಲ್ಲ, ನೆನಪು ಮಾಡಿಕೊಳ್ಳುವ ಹಾಗೆ ಹೇಳಿದ:

"ಅವತ್ತು ಸಂಜೆ ನಾನು ಓಡ್ಕೊಂಡು ದಿಬ್ಬ ಹತ್ತಿ ಬಂದೆ. ನೊರೆ, ಹೊಳಪು, ನನ್ನ ಕಣ್ಣಿಗೆ ಬಂಡೆನೇ ಸರಿಯಾಗಿ ಕಾಣ್ತಿರ್ಲಿಲ್ಲ. ನೀನು ಆ ಉದ್ದ ಲೆನ್ಸ್ ಹಾಕ್ಕೊಂಡು ನಿಂತಿದ್ದೆ. ನಾನು ಕೇಳ್ದೆ, ಡಂಕನ್, ಬಂಡೆ ಮೇಲೆ ಏನಾದ್ರೂ ಕಾಣುತ್ತಾ ಅಂತ."

"ಏನೂ ಇಲ್ಲ ಅಂದೆ."

"'ಏನೂ ಇಲ್ಲ, ಪಕ್ಕಕ್ಕೆ ಸರಿ, ಬೆಳಕು ಬರ್ತಿದೆ' ಅಂದೆ ನೀನು. ನಿನ್ನ ಕಣ್ಣಿಗಿಂತ ಒಳ್ಳೆ ಕಣ್ಣು ಈ ಊರಲ್ಲಿಲ್ಲ ಅಂತ ನಾನು ನಂಬಿದೆ. ದೋಣಿಗಳಿಗೆ ವೈರ್‌ಲೆಸ್ ಮಾಡಿ ಎಲ್ಲರನ್ನೂ ಹೊರಕಡಲಿಗೆ ಕಳಿಸ್ದೆ. ಕೊಚ್ಚಿಕೊಂಡು ಹೋಗಿರ್ತಾನೆ, ಅಲ್ಲಿ ಹುಡುಕಿ ಅಂತ. ರಾತ್ರಿ ಗಾಳಿ ಎದ್ದಿತು. ಆಮೇಲೆ ಬಂಡೆ ಕಡೆ ಯಾರೂ ಹೋಗೋ ಹಾಗಿರ್ಲಿಲ್ಲ."

ಗಿಲ್‌ಕ್ರಿಸ್ಟ್ ಕೌಂಟರಿನ ಅಂಚು ಹಿಡಿದುಕೊಂಡ.

"ನಾನು ಅಲೆ ನೋಡ್ತಿದ್ದೆ, ರಾವಿರಿ. ನೀನು ಕೇಳಿದಾಗ ನಾನು ಅಲೆ ನೋಡ್ತಿದ್ದೆ."

"ಗೊತ್ತು."

"ಒಳಗೆ ಬಾ," ಅಂದ ಗಿಲ್‌ಕ್ರಿಸ್ಟ್. ಅಂಗಡಿ ಬಾಗಿಲಿಗೆ ಚಿಲಕ ಹಾಕಲೂ ಮರೆತ.

*

ಹಿಂದಿನ ಕತ್ತಲೆ ಕೋಣೆ ಇಬ್ಬರು ನಿಲ್ಲುವಷ್ಟೇ ಇತ್ತು. ಕೆಂಪು ದೀಪ, ಮೂರು ತಟ್ಟೆಗಳಲ್ಲಿ ರಾಸಾಯನಿಕದ ನೀರು, ಮೂಗಿಗೆ ಹುಳಿ ವಾಸನೆ. ಗಿಲ್‌ಕ್ರಿಸ್ಟ್ ಬಿಳಿ ಕೈಗವಸು ಹಾಕಿಕೊಂಡು ನೆಗೆಟಿವಿನ ಪಟ್ಟಿಯನ್ನು ಹೊರತೆಗೆದ. ಚಿತ್ರ ದೊಡ್ಡದು ಮಾಡುವ ಯಂತ್ರದಲ್ಲಿ ಅದನ್ನು ಕೂರಿಸಿ, ಯಂತ್ರದ ತಲೆಯನ್ನು ಎಷ್ಟು ಏರುತ್ತದೋ ಅಷ್ಟಕ್ಕೆ ಏರಿಸಿದ.

ಕೆಳಗಿನ ಹಲಗೆಯ ಮೇಲೆ ಎಲ್ಲ ಉಲ್ಟಾ ಬಿತ್ತು. ಕಡಲು ಬೆಳ್ಳಗೆ, ನೊರೆ ಕಪ್ಪಗೆ. ಬೂದಿಬಣ್ಣದ ಬಂಡೆ. ಅದರ ಹೆಗಲಿನ ಹತ್ತಿರ, ಉಗುರಿನಷ್ಟು ಕಪ್ಪು.

ಗಿಲ್‌ಕ್ರಿಸ್ಟ್ ಭೂತಗಾಜು ಹಿಡಿದು ಬಗ್ಗಿದ. ಬಗ್ಗಿದವನು ಏಳಲಿಲ್ಲ.

"ಧೂಳಾದರೆ ಕೂದಲಿನ ಹಾಗೆ ಅಂಚು ಚೂಪಾಗಿರುತ್ತೆ," ಅಂದ ಕೊನೆಗೆ. ದನಿ ಎಲ್ಲಿಂದಲೋ ಬಂದ ಹಾಗಿತ್ತು. "ಇದರಲ್ಲಿ ಬಂಡೆಯಲ್ಲಿರೋ ಹಾಗೇ ಫಿಲ್ಮಿನ ಕಾಳು ಕಾಳು ಇದೆ. ಇದು ಚಿತ್ರದೊಳಗೇ ಇರೋದು."

"ಪ್ರಿಂಟ್ ಹಾಕು. ಆ ಜಾಗ ಮಾತ್ರ."

ಗಿಲ್‌ಕ್ರಿಸ್ಟ್ ಯಂತ್ರದ ದೀಪ ಆರಿಸಿದ. ಕಾಗದದ ಡಬ್ಬಿ ತೆಗೆಯುತ್ತ ತನ್ನಷ್ಟಕ್ಕೆ ಎಂಬಂತೆ ಹೇಳಿದ: "ಮಿರಿಯಾಮಾಳ ರೋಲು ತೊಳೆದದ್ದೂ ನಾನೇ. ಅವಳ ಆ ಚಿತ್ರ ಬಿಸಾಡೋ ಗುಂಪಿನಲ್ಲಿ ಇಟ್ಟಿದ್ದೆ. ಅವಳೇ ಆರಿಸಿಕೊಂಡು ಹೋದಳು. ನನ್ನ ಚಿತ್ರದ ಮುಂದೆ ನಿಂತೋರು ಯಾವ ಲೆನ್ಸು, ಯಾವ ಫಿಲ್ಮು ಅಂತ ಕೇಳ್ತಾರೆ ರಾವಿರಿ. ಅವಳ ಚಿತ್ರದ ಮುಂದೆ ಯಾರೂ ಏನೂ ಕೇಳಲ್ಲ. ನಿನ್ನೆ ಜನ ಎಲ್ಲ ಹೋದ ಮೇಲೆ ನಾನೂ ಹೋಗಿ ನಿಂತೆ. ಅಷ್ಟು ತಪ್ಪುಗಳು! ಒಂದನ್ನೂ ತಿದ್ದೋಕೆ ಮನಸ್ಸು ಬರಲಿಲ್ಲ."

ಅಂಗಡಿಯ ಗಂಟೆ ಟಿಣ್ ಅಂದಿತು. ಹೆಜ್ಜೆ ಸದ್ದು ಕೌಂಟರು ದಾಟಿ ನೇರ ಹಿಂದಕ್ಕೆ ಬಂತು.

"ನಾನು ಮಿರಿ," ಅಂದಿತು ಬಾಗಿಲಾಚೆಯ ದನಿ.

"ಈಗ ಬೇಡ ಮಿರಿ," ಅಂದ ರಾವಿರಿ, ಬಾಗಿಲಿಗೆ ಬೆನ್ನು ಕೊಟ್ಟು. "ನಾನು ಆಮೇಲೆ ಮನೆಗೆ ಬರ್ತೀನಿ."

"ಕೋಟಿನ ಕೆಳಗೆ ಏನಿತ್ತು ಅಂತ ಕೇಳಿದ ಮೇಲೆ ನಾನು ಮನೆಗೆ ಹೋಗಿ ಕೂರ್ತೀನಿ ಅಂದುಕೊಂಡ್ಯಾ? ಬಾಗಿಲು ತೆಗಿ."

ಗಿಲ್‌ಕ್ರಿಸ್ಟ್ ಕಾಗದದ ಡಬ್ಬಿ ಮುಚ್ಚಿದ. ರಾವಿರಿ ಬಾಗಿಲು ತೆಗೆದ. ಇನ್ನೇನು ಮಾಡಬೇಕಿತ್ತು ಅವನು? ಅವಳು ಒಳಗೆ ಬಂದು, ಬಾಗಿಲು ತಾನೇ ಎಳೆದುಕೊಂಡು, ಇಬ್ಬರ ನಡುವೆ ಭುಜ ತೂರಿಸಿ ನಿಂತಳು.

ಯಂತ್ರದ ದೀಪ ಹತ್ತಿ ಆರಿತು. ಗಿಲ್‌ಕ್ರಿಸ್ಟ್ ಖಾಲಿ ಕಾಗದವನ್ನು ಮೊದಲ ತಟ್ಟೆಗೆ ಇಳಿಸಿ, ತಟ್ಟೆಯ ಅಂಚನ್ನು ಮೆಲ್ಲಗೆ ಎತ್ತಿ ಎತ್ತಿ ಇಳಿಸಿದ. ನೀರು ಕಾಗದದ ಮೇಲೆ ಹೋಗಿ ಬಂತು.

ಮೊದಲು ಬಂಡೆ ಬಂತು. ಆಮೇಲೆ ಹಕ್ಕಿಗಳು, ಒಂದೊಂದಾಗಿ. ಆಮೇಲೆ ಅವುಗಳ ನಡುವೆ ಬೆಳ್ಳಗೆ ಉಳಿದದ್ದಕ್ಕೆ ಆಕಾರ ಬಂತು. ಸೊಂಟದವರೆಗೆ ಬಂಡೆಯ ಬಿರುಕಿನಲ್ಲಿ ಸಿಕ್ಕಿಕೊಂಡ ಹಾಗೆ ನಿಂತ ಒಬ್ಬ ಮನುಷ್ಯ. ಬಿಳಿ ಸ್ವೆಟರು. ತಲೆ ಇರುವ ಕಡೆ ಬರೀ ಒಂದು ಮಚ್ಚೆ. ಒಂದು ಕೈ ಮೇಲಕ್ಕೆ ಎತ್ತಿತ್ತು, ದಿಬ್ಬದ ಕಡೆಗೆ. ನಿಂತು ಫೋಟೋ ತೆಗೆಯುತ್ತಿದ್ದವನ ಕಡೆಗೆ.

ಗಿಲ್‌ಕ್ರಿಸ್ಟ್ ಗೋಡೆ ಕಡೆ ತಿರುಗಿಕೊಂಡ. ಅವನ ಭುಜ ಕುಲುಕುವುದು ಕೆಂಪು ಬೆಳಕಿನಲ್ಲಿ ಕಾಣುತ್ತಿತ್ತು.

ರಾವಿರಿ ತಟ್ಟೆಯ ಮೇಲೆ ಬಗ್ಗಿದ. ಟಿಪೆನೆ ಹೇಳಿದ್ದು ಅಕ್ಷರಶಃ ನಿಜ. ಹುಡುಗ ಮಾವನನ್ನು ಜೀವಂತ ಬಿಟ್ಟು ಬಂದಿದ್ದ, ಮಾವ ಸಂಜೆಯವರೆಗೂ ಜೀವಂತ ಇದ್ದ. ಆದರೆ ಉಗುರಿನಷ್ಟು ದೊಡ್ಡ, ಮುಖವೇ ಇಲ್ಲದ ಒಂದು ಆಕಾರ. ಇದು ಯಾರೋ ಬೇರೆ ಮೀನುಗಾರ, ಇಲ್ಲವೇ ಬರೀ ನೊರೆ ಅಂತ ಲೋಗಿ ಒಂದೇ ಮಾತಿನಲ್ಲಿ ತಳ್ಳಿಬಿಡಬಲ್ಲ. ಇವನೇ ಹೊಹೆಪಾ ಅಂತ ಪ್ರಮಾಣ ಮಾಡಿ ಹೇಳಿದರೆ ನಂಬುವಂಥ ಬಾಯಿ ಊರಿನಲ್ಲಿ ಒಂದೇ ಇತ್ತು. ಅದು ಅವನ ಪಕ್ಕದಲ್ಲೇ ನಿಂತಿತ್ತು.

"ಮಿರಿ. ನೀನು ಹೇಳ್ಬೇಕು. ನೀನು ಹೌದು ಅಂದ್ರೆ ನಾಳೆ ಟಿಪೆನೆ ಮನೆಗೆ ಬರ್ತಾನೆ."

ಅವಳು ತಟ್ಟೆಯೊಳಗೆ ಕೈ ಹಾಕಿದಳು. ಬರಿಗೈ. ಕಾಗದವನ್ನು ಎತ್ತಿ ಕಣ್ಣ ಹತ್ತಿರ ಹಿಡಿದಳು. ನೀರು ಅವಳ ತೋಳಿನಲ್ಲಿ ಇಳಿದು ಮೊಣಕೈಯಿಂದ ತೊಟ್ಟಿಕ್ಕಿತು.

"ಇದು ಸಂಜೆ ತೆಗೆದದ್ದಾ?"

"ಹೌದು."

"ಆಗ ದೋಣಿಗಳು ಎಲ್ಲಿದ್ದವು?"

ರಾವಿರಿ ಅವಳ ಮೊಣಕೈಯಿಂದ ಬೀಳುವ ಹನಿಗಳನ್ನೇ ನೋಡಿದ.

"ರಾವಿರಿ, ದೋಣಿಗಳು ಎಲ್ಲಿದ್ದವು?"

"ಹೊರಕಡಲಿನಲ್ಲಿ."

"ಯಾರು ಕಳಿಸಿದ್ದು?"

"ನಾನು."

ಅವಳು ತಲೆಯಾಡಿಸಿದಳು, ಏನೋ ಸಣ್ಣ ಸಂಗತಿ ತಿಳಿದುಕೊಂಡವರ ಹಾಗೆ. ಕಾಗದವನ್ನು ಮತ್ತೆ ಮೊದಲ ತಟ್ಟೆಗೇ ಇಳಿಸಿದಳು. ಮುಖ ಮೇಲೆ ಮಾಡಿ, ಮೂಲೆಗಳನ್ನು ನೇವರಿಸಿ ಮಲಗಿಸಿದಳು.

"ಇವನು ಹೊಹೆಪಾ ಅಲ್ಲ," ಅಂದಳು.

"ಮಿರಿ..."

"ಬರ್ಕೋ. ಹೆಂಡ್ತಿ ನೋಡಿದಳು, ಅಲ್ಲ ಅಂದಳು ಅಂತ ಬರ್ಕೋ."

"ಹುಡುಗನ ಜೀವಮಾನ ಜೈಲಲ್ಲಿ ಹೋಗುತ್ತೆ, ಮಿರಿ! ನೀನು ಎತ್ತಿ ಆಡಿಸಿದ ಹುಡುಗ!"

"ನನ್ನ ಗಂಡ ಮೊದಲನೇ ಅಲೆಗೇ ಹೋದ," ಅಂದಳು ಅವಳು. ದನಿ ಏರಲಿಲ್ಲ. "ಅವನಿಗೆ ಏನೂ ಗೊತ್ತಾಗ್ಲಿಲ್ಲ. ಎರಡು ವಾರದಿಂದ ಹಾಗಂದುಕೊಂಡೇ ನಾನು ರಾತ್ರಿ ಕಣ್ಣು ಮುಚ್ಚೋದು. ಇಷ್ಟು ಹೊತ್ತು ಕೈ ಎತ್ತಿ ನಿಂತಿದ್ದೋನು ಬೇರೆ ಯಾರೋ. ಬೇರೆ ಯಾರದೋ ಗಂಡ."

ಕತ್ತಲಲ್ಲಿ ಏನೋ ಸರಕ್ ಅಂದಿತು. ಯಂತ್ರದ ಬಾಯಿ ಮುಚ್ಚಿದ ಸದ್ದು ಅಂತ ಗಿಲ್‌ಕ್ರಿಸ್ಟ್‌ಗೆ ಒಂದು ಕ್ಷಣ ತಡವಾಗಿ ತಿಳಿಯಿತು.

"ನೆಗೆಟಿವ್!" ಅವನು ತಿರುಗಿ ಕೂಗಿದ. "ಅಯ್ಯೋ ಬಾಗಿಲು ತೆಗೀಬೇಡಿ, ಪ್ರಿಂಟು ಇನ್ನೂ ಫಿಕ್ಸ್ ಆಗಿಲ್ಲ, ಬೆಳಕು ಬಿದ್ರೆ ಕಪ್ಪಾಗುತ್ತೆ..."

ಅವಳು ಬಾಗಿಲು ತೆಗೆದಳು.

ಮಧ್ಯಾಹ್ನದ ಬೆಳಕು ಒಮ್ಮೆಲೇ ನುಗ್ಗಿತು. ರಾವಿರಿ ಅವಳ ಹಿಂದೆ ಓಡಬೇಕು ಅಂದುಕೊಂಡ. ಆದರೆ ಕಣ್ಣು ತಟ್ಟೆಯಲ್ಲೇ ನೆಟ್ಟಿತ್ತು. ನೀರಿನಡಿ ಕಾಗದ ಅಂಚಿನಿಂದ ಕಪ್ಪಾಗುತ್ತ ಬಂತು. ಕಡಲು ಮುಳುಗಿತು, ಹಕ್ಕಿಗಳು ಮುಳುಗಿದವು. ಕಪ್ಪು ಬಂಡೆ ಹತ್ತಿ, ಬಿಳಿ ಸ್ವೆಟರಿನ ಸೊಂಟಕ್ಕೆ ಬಂತು, ಎದೆಗೆ ಬಂತು. ಎತ್ತಿದ ಕೈ ಒಂದೇ ಸ್ವಲ್ಪ ಹೊತ್ತು ಉಳಿಯಿತು. ಆಮೇಲೆ ಅದೂ ಹೋಯಿತು.

ಹೊರಗೆ, ಅಂಗಡಿಯ ಕಿಟಕಿಯ ಆಚೆ, ಮಿರಿಯಾಮಾ ಬೀದಿ ದಾಟಿ ನಡೆಯುತ್ತಿದ್ದಳು. ಮುಷ್ಟಿಯಲ್ಲಿ ನೆಗೆಟಿವಿನ ಪಟ್ಟಿ. ಬೀದಿ ಕವಲೊಡೆಯುವಲ್ಲಿ ಎಡಕ್ಕೆ ತಿರುಗಿದರೆ ಟಿಪೆನೆ ಇರುವ ಪೊಲೀಸು ಠಾಣೆ, ಬಲಕ್ಕೆ ತಿರುಗಿದರೆ ಕಡಲು.

ಅವಳು ಕವಲಿನಲ್ಲಿ ನಿಂತಳು.